ಗೇರ್‌ಬಾಕ್ಸ್ ಕಲಿತ ಕಾಲು

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ದೆವ್ವ, ಭೂತ ಅಂತ ಮಕ್ಕಳು ಗುಸುಗುಸು ಅಂದರೆ ಬೆಂಚಿನ ಮೇಲೆ ನಿಲ್ಲಿಸುವ ಪೈಕಿ. ಹಾಗಾಗಿ ಈ ಟೀಚರಮ್ಮ ಕಥೆ ಕಟ್ಟುತ್ತಿದ್ದಾಳೆ ಅನ್ನುವವರು ಅನ್ನಲಿ. ಆ ಕಾರು ಇವತ್ತಿಗೂ ನಮ್ಮ ಮನೆ ಮುಂದೆಯೇ ನಿಂತಿದೆ. ಇದನ್ನು ಬರೆಯುವಾಗಲೂ ಕಿಟಕಿಯಿಂದ ಕಾಣುತ್ತಿದೆ.

ಮೊದಲು ನನ್ನ ಕಾಲಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಮನೆ ಮದ್ದೂರಿನಲ್ಲಿ, ಸ್ಕೂಲು ಮಳವಳ್ಳಿಯಲ್ಲಿ. ಎಂಟು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಎಡ ಮಂಡಿಗೆ ಆಪರೇಷನ್ ಆಯಿತು. ಅವತ್ತಿನಿಂದ ಬಸ್ಸಿನ ಮೆಟ್ಟಿಲು ಹತ್ತುವ ಹಾಗಿಲ್ಲ, ಕ್ಲಚ್ ಒತ್ತುವ ಹಾಗಿಲ್ಲ. ಯಜಮಾನರು ದಿನಾ ಬಿಟ್ಟು ಬರುತ್ತಿದ್ದರು, ದಿನಾ ಗೊಣಗುತ್ತಿದ್ದರು.

"ಯಾಕಮ್ಮಿ ಈ ಪಾಡು? ಕೆಲ್ಸ ಬುಟ್ಟು ಮನೇಲಿರು."

ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೇ ಹಟ ಹಿಡಿದು ಆಟೋಮ್ಯಾಟಿಕ್ ಕಾರು ತೆಗೆದುಕೊಂಡೆ. ಕ್ಲಚ್ಚೇ ಇಲ್ಲ. ಆಕ್ಸಿಲರೇಟರ್, ಬ್ರೇಕು, ಎರಡಕ್ಕೂ ನನ್ನ ಬಲಗಾಲು ಸಾಕು.

ಕಾರು ಸೆಕೆಂಡ್ ಹ್ಯಾಂಡ್. ಮೊದಲು ಓಡಿಸುತ್ತಿದ್ದ ಹುಡುಗ ಇಂಜಿನ್‌ಗೆ ಹೆಚ್ಚು ಪವರ್ ಬರಲಿ ಅಂತ ಒಂದು ಚಿಪ್ ಹಾಕಿಸಿದ್ದನಂತೆ. "ಹುಡುಗ ಈಗ ಇಲ್ಲಿಲ್ಲ" ಅಂದ ಬ್ರೋಕರ್. ಎಲ್ಲಿದ್ದಾನೆ ಅಂತ ನಾನೂ ಕೇಳಲಿಲ್ಲ. ಕಾಲು ತಾಕಿಸಿದರೆ ಸಾಕು, ಕಾರು ಹೋರಿಯ ಹಾಗೆ ನುಗ್ಗುತ್ತಿತ್ತು. ನಮಗ್ಯಾಕೆ ಈ ರಗಳೆ ಅಂತ ಮೆಕ್ಯಾನಿಕ್ ಸಿದ್ದರಾಜು ಹತ್ತಿರ ಚಿಪ್ ತೆಗೆಸಿದೆ.

ಅಲ್ಲಿಂದ ಶುರುವಾಯಿತು ನೋಡಿ... ಒಂದೊಂದು ಗೇರ್ ಬದಲಾಗುವಾಗಲೂ ಧಡ್! ಹಿಂದೆ ಕೂತು ಯಾರೋ ಸೀಟಿಗೆ ಒದ್ದ ಹಾಗೆ.

ಸಿದ್ದರಾಜು ಸ್ಕ್ಯಾನರ್ ಹಾಕಿ ನೋಡಿದ. "ಇದೇನಿಲ್ಲ ಮೇಡಮ್ಮೋರೆ, ಆಟೋಮ್ಯಾಟಿಕ್ ಗೇರ್‌ಬಾಕ್ಸು ಓಡ್ಸೋರ ಕಾಲ್ನ ಕಲ್ತ್ಕತದೆ. ಎಂಗೆ ಒತ್ತಾರೆ, ಎಲ್ಲಿ ಬುಡ್ತಾರೆ, ಎಲ್ಲ ಗ್ಯಾಪಕದಲ್ಲಿ ಮಡಗಿರ್ತದೆ. ಇದರೊಳಗೆ ಇನ್ನೂ ಆ ಹುಡುಗನ ಕಾಲೇ ಅದೆ. ಅಳಿಸಿ ಕೊಡ್ತೀನಿ. ಇವತ್ತು ಒಂದ್ಗಂಟೆ ಒಸಿ ಮೆತ್ತಗೆ ಓಡ್ಸಿ, ನಿಮ್ ಕಾಲ್ನ ಕಲೀತದೆ."

ಅಳಿಸುವ ಮುಂಚೆ ಸ್ಕ್ಯಾನರಿನಲ್ಲಿ ಕಾಣುತ್ತಿದ್ದ, ಗೇರ್‌ಬಾಕ್ಸ್ ಕಲಿತಿದ್ದ ಹಳೆಯ ನಂಬರುಗಳ ಫೋಟೋ ತೆಗೆದುಕೊಂಡ. ಸ್ಪೀಡ್ ಬ್ರೇಕರ್ ಇಲ್ಲದ ರಸ್ತೆ ಯಾವುದಪ್ಪ ಅಂತ ಕೇಳಿದ್ದಕ್ಕೆ, "ನಾಲೆ ಏರಿ ಮೇಲೆ ಓಗಿ. ಅಲ್ಲಿ ನರಪಿಳ್ಳೆನೂ ಇರಾಕಿಲ್ಲ" ಅಂದ.

ಹೊರಟಾಗ ಆರೂವರೆ. ಚಳಿಗಾಲ, ಆಗಲೇ ಕತ್ತಲಾಗಿತ್ತು. ಎಡಕ್ಕೆ ತುಂಬಿ ಹರಿಯುವ ನಾಲೆ, ಬಲಕ್ಕೆ ಆಳೆತ್ತರದ ಕಬ್ಬು. ಏರಿ ಮೇಲಿನ ರಸ್ತೆ ಒಂದು ಕಾರಿನಷ್ಟೇ ಅಗಲ, ತಿರುಗಿಸಿಕೊಳ್ಳೋಣ ಅಂದರೂ ಜಾಗವಿಲ್ಲ. ವೇಗ ಹಿಡಿದ ಕೂಡಲೇ ನಾಲ್ಕು ಬಾಗಿಲೂ ತಾವಾಗಿ ಲಾಕ್ ಆದವು... ಟಕ್.

ಮೊದಲ ಅರ್ಧ ಗಂಟೆ ಬೆಣ್ಣೆಯ ಹಾಗೆ ಓಡಿತು. ಒದೆತವೇ ಇಲ್ಲ. ಇನ್ನು ನಾಳೆಯಿಂದ ಯಾರ ಗೊಣಗಾಟವೂ ಕೇಳಬೇಕಾಗಿಲ್ಲ ಅಂತ ಖುಷಿಯಾಗಿ ಒಬ್ಬಳೇ ನಕ್ಕೆ.

ಆಮೇಲೆ ವಾಸನೆ ಬಂತು. ಆಲೆಮನೆಯಲ್ಲಿ ಬೆಲ್ಲ ಸೀದು ಹೋದರೆ ಬರುತ್ತದಲ್ಲ, ಆ ಥರ. ಎಲ್ಲೋ ಆಲೆ ಆಡುತ್ತಿರಬೇಕು ಅಂತ ಗಾಜು ಏರಿಸಿದೆ. ವಾಸನೆ ಜಾಸ್ತಿಯಾಯಿತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ... ನಾಲೆಯ ಕೆಸರಿನದು.

ಧಡ್!

ಕಾರು ಒಂದನೇ ಗೇರಿಗೆ ಬಿತ್ತು. ಇಂಜಿನ್ ಕಿರುಚತೊಡಗಿತು. ನಾನು ಕಾಲು ಎತ್ತಿದೆ. ಸದ್ದು ಇಳಿಯಲಿಲ್ಲ. ಬ್ರೇಕ್ ತುಳಿದೆ. ಕಾರು ನಿಂತಿತು, ಆದರೆ ಕಟ್ಟಿದ ಹಗ್ಗ ಜಗ್ಗುವ ದನದ ಹಾಗೆ ಮುಂದಕ್ಕೆ ಎಳೆಯುತ್ತಲೇ ಇತ್ತು. ಗೇರ್ ಲಿವರ್ ಅಲುಗಲಿಲ್ಲ. ಇಂಜಿನ್ ಬಟನ್ ಒತ್ತಿದರೆ ಆಫ್ ಆಗಲಿಲ್ಲ. ಬಾಗಿಲಿನ ಲಾಕ್ ತೆಗೆದರೆ ಟಕ್ ಅಂತ ಮತ್ತೆ ತಾನೇ ಬೀಳುತ್ತಿತ್ತು. ನಾನು ತೆಗೆಯೋದು, ಅದು ಹಾಕೋದು. ಗಾಜು ಇಳಿಸುವ ಬಟನ್ನೂ ಸತ್ತಿತ್ತು.

ಸಿದ್ದರಾಜುಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ತೊಡೆಯ ಮೇಲಿಟ್ಟುಕೊಂಡೆ.

"ಮೇಡಂ, ಆಕ್ಸಿಲೇಟರ್ ಬುಡಿ! ಯಾಕಂಗೆ ತುಳೀತಾ ಇದ್ದೀರಿ?"

"ಬಿಟ್ಟಿದ್ದೀನಿ ಕಣಪ್ಪಾ! ನನ್ನ ಕಾಲು ಬ್ರೇಕ್ ಮೇಲಿದೆ!"

"ಮತ್ತೆ... ಗಾಡಿ ರೇಸ್ ಆಯ್ತಾ ಅದಲ್ಲ ಮೇಡಂ. ಏರ್ತಾ ಅದೆ, ಇಳೀತಾ ಅದೆ. ಯಾರೋ ಒತ್ತೊತ್ತಿ ಬುಟ್ಟಂಗೆ..."

ಫೋನಿನ ಟಾರ್ಚ್ ಹಾಕಿ ಕಾಲ ಬಳಿ ಬೆಳಕು ಬಿಟ್ಟೆ. ನೋಡಬಾರದಿತ್ತು...

ಆಕ್ಸಿಲರೇಟರ್ ಪೆಡಲ್ ನೆಲ ಮುಟ್ಟಿತ್ತು. ನಿಧಾನವಾಗಿ ಮೇಲೆದ್ದಿತು, ಮತ್ತೆ ನಿಧಾನವಾಗಿ ಕೆಳಗೆ ಹೋಯಿತು. ಅದರ ಮೇಲೆ ಏನೂ ಇರಲಿಲ್ಲ. ಮ್ಯಾಟ್ ಮಾತ್ರ ಒದ್ದೆಯಾಗಿತ್ತು, ನಾಲೆಯಿಂದ ಎದ್ದು ಬಂದ ಕಾಲು ಇಟ್ಟ ಹಾಗೆ.

ತಲೆ ಎತ್ತಿದೆ. ಹೆಡ್‌ಲೈಟಿನ ಬೆಳಕಿನಲ್ಲಿ ಮುಂದೆ ರಸ್ತೆಯೇ ಇಲ್ಲ. ಏರಿ ಅಲ್ಲಿ ಬಲಕ್ಕೆ ತಿರುಗುತ್ತದೆ. ನೇರಕ್ಕೆ ಬರೀ ನೀರು. ಬ್ರೇಕ್ ತುಳಿದೇ ಇದ್ದರೂ ಟೈರು ಉಜ್ಜಿಕೊಂಡು ಗೇಣು ಗೇಣಾಗಿ ಕಾರು ಅತ್ತ ಸರಿಯುತ್ತಿತ್ತು.

ಎಂಟು ವರ್ಷ ಯಾವ ಕೆಲಸಕ್ಕೂ ಬಾರದ ಎಡಗಾಲನ್ನು ಕೈಯಿಂದ ಎತ್ತಿ ಬ್ರೇಕ್ ಮೇಲಿಟ್ಟು, ಎರಡೂ ಕಾಲಿನಲ್ಲಿ ತುಳಿದೆ. ಮಂಡಿಯಲ್ಲಿ ಪ್ರಾಣ ಹೋದ ಹಾಗಾಯಿತು. ದೇವರ ಹೆಸರು ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಕ್ಲಾಸಿನಲ್ಲಿ ಕೂಗುವ ದನಿ.

"ಲೇ! ಕಾಲ್ ತೆಗಿಯೋ!"

ಇಂಜಿನ್ ಸದ್ದು ನಿಂತೇ ಹೋಯಿತು. ಲಿವರ್ ಮುಟ್ಟಿದರೆ ಹೂವಿನ ಹಾಗೆ ಪಾರ್ಕ್ ಗೇರಿಗೆ ಬಂತು. ನಾಲ್ಕು ಬಾಗಿಲಿನ ಲಾಕೂ ಟಕ್ ಅಂತ ತೆರೆದುಕೊಂಡವು.

ಇಳಿದು ಕಬ್ಬಿನ ಪಕ್ಕ ನೆಲದಲ್ಲೇ ಕೂತೆ. ಸಿದ್ದರಾಜು ಬೈಕಿನಲ್ಲಿ ಬರುವ ತನಕ ಅಳುತ್ತಲೇ ಇದ್ದೆ. ಅವನು ಟಾರ್ಚ್ ಹಿಡಿದು ಕಾರಿನ ಮುಂದೆ ಹೋದವನು, ಅಲ್ಲೇ ಒಂದು ಕೈ ಎದೆಗೆ ಇಟ್ಟುಕೊಂಡ. ಮುಂದಿನ ಟೈರಿಗೂ ನಾಲೆಗೂ ನಡುವೆ ಒಂದು ಚಪ್ಪಲಿಯಷ್ಟು ಜಾಗವಿತ್ತು.

"ಬನ್ನಿ ಮೇಡಮ್ಮೋರೆ, ನಾನೇ ಓಡಿಸ್ತೀನಿ" ಅಂದ. ದಾರಿಯುದ್ದಕ್ಕೂ ಕಾರು ಧಡ್ ಧಡ್ ಅಂತ ಒದೆಯುತ್ತಲೇ ಬಂತು. ಅವನ ಕಾಲು ಅದಕ್ಕೆ ಹಿಡಿಸಲಿಲ್ಲವೋ ಏನೋ.

ಮಾರನೆಯ ದಿನ ಮತ್ತೆ ಸ್ಕ್ಯಾನರ್ ಹಾಕಿದ. ಫೋನಿನಲ್ಲಿದ್ದ ಹಳೆಯ ಫೋಟೋವನ್ನು ಸ್ಕ್ರೀನಿನ ಪಕ್ಕ ಹಿಡಿದು ಸುಮಾರು ಹೊತ್ತು ನೋಡಿದ. ಒಂದು ನಂಬರೂ ವ್ಯತ್ಯಾಸವಿಲ್ಲ. ಅಳಿಸಿದ್ದೆಲ್ಲ ಇದ್ದ ಹಾಗೇ ವಾಪಸ್ ಬಂದಿತ್ತು.

"ಇದು ನಿಮ್ ಕಾಲಲ್ಲ ಮೇಡಂ" ಅಂದ, ಮೆಲ್ಲಗೆ. "ಮಾರ್ಬುಡಿ."

ಮಾರುವುದಕ್ಕೆ ಹಾಕಿದ್ದೂ ಆಯಿತು. ನೋಡಲು ಬಂದವರೆಲ್ಲ ಒಂದು ಸುತ್ತು ಓಡಿಸಿ, "ಗೇರ್ ಒದೀತದೆ" ಅಂತ ಬಿಟ್ಟು ಹೋದರು. ಬೇರೆ ಕಾರು ತೆಗೆದುಕೊಳ್ಳುವ ಶಕ್ತಿ ನನಗಿಲ್ಲ. ಇದನ್ನು ಬಿಟ್ಟರೆ ಕೆಲಸ ಬಿಡಬೇಕು. ಹಾಗಾಗಿ ಬೆಳಗ್ಗೆ ಎದ್ದು ಅದೇ ಬಾಗಿಲು ತೆಗೆದು ಅದರೊಳಗೇ ಕೂರುತ್ತೇನೆ. ನಾಲೆ ಏರಿ ಕಡೆ ಮಾತ್ರ ತಲೆ ಹಾಕಿಲ್ಲ.

ವಿಚಿತ್ರ ಅಂದರೆ, ಈಗೀಗ ನಾನು ಓಡಿಸಿದರೆ ಒದೆತವಿಲ್ಲ. ಧಡ್ ಇಲ್ಲ, ಜಗ್ಗಾಟವಿಲ್ಲ. ಖುಷಿಯಾಗಿ ಸಿದ್ದರಾಜುಗೆ ಹೇಳಿದೆ. ಅವನು ಮತ್ತೊಮ್ಮೆ ಸ್ಕ್ಯಾನರ್ ಹಾಕಿದ. ಅದೇ ಹಳೇ ನಂಬರುಗಳು, ಅದೇ ಹುಡುಗನ ಕಾಲು. ನನ್ನ ಮುಖ ನೋಡಲಿಲ್ಲ, ನನ್ನ ಬಲಗಾಲನ್ನು ನೋಡಿದ.

ಅವತ್ತೇ ರಾತ್ರಿ ಮಲಗಿದ್ದೆ. ಪಕ್ಕದಲ್ಲಿ ಯಜಮಾನರು ಅರೆನಿದ್ದೆಯಲ್ಲಿ ಗೊಣಗಿದರು.

"ಯಾಕಮ್ಮಿ ಇಂಗೆ ಒತ್ತೀಯೆ? ಕಾಲ್ ತಗಿ."

ನೋಡಿದೆ. ನನ್ನ ಬಲಗಾಲು ಅವರ ಮೀನಖಂಡವನ್ನು ನಿಧಾನವಾಗಿ ಒತ್ತುತ್ತಿತ್ತು, ಬಿಡುತ್ತಿತ್ತು... ಮತ್ತೆ ಒತ್ತುತ್ತಿತ್ತು.

ತೆಗೆಯಬೇಕು ಅಂತ ಪ್ರಯತ್ನ ಪಟ್ಟೆ. ಕೊನೆಗೆ ಅವತ್ತು ಎಡಗಾಲನ್ನು ಎತ್ತಿದ ಹಾಗೆ, ಅದನ್ನೂ ಕೈಯಿಂದಲೇ ಎತ್ತಿ ಪಕ್ಕಕ್ಕಿಡಬೇಕಾಯಿತು.