ಗಟ್ಟಿಯಾಗಿದ್ದದ್ದೇ ತಪ್ಪಾಯಿತು

ಪಾಂಡವಪುರದಲ್ಲಿ ನಾನೂ ನನ್ನಣ್ಣನೂ ನಡೆಸುತ್ತಿದ್ದ ವರ್ಕ್‌ಶಾಪಿಗೆ ಅಪ್ಪನ ಕಾಲದಿಂದ ಎರಡೇ ಆಧಾರ. ಒಂದು ಆಲೆಮನೆಗಳ ಗಾಣ, ಇನ್ನೊಂದು ಸರ್ಕಾರಿ ಟೆಲಿಫೋನಿನವರ ಕಂಬ, ಕ್ಲಾಂಪು. ಫೋನಿನ ವ್ಯವಹಾರ ಖಾಸಗಿಯವರಿಗೂ ತೆರೆದಾಗ ಮೊದಮೊದಲು ನಮಗೆ ಹಬ್ಬವೇ. ನಾಗಮಂಗಲದಿಂದ ಕೆ.ಆರ್.ಪೇಟೆಯವರೆಗೆ ಟವರುಗಳು ಎದ್ದವು. ಬೇಲಿ, ಏಣಿ, ಜನರೇಟರಿನ ಗೂಡು ಎಲ್ಲ ನಾವೇ ಮಾಡಿಕೊಟ್ಟೆವು. ನಮ್ಮಂಥವರು ಮುಳುಗುತ್ತಾರೆ ಎಂದವರನ್ನು ನೋಡಿ ಅಣ್ಣ ನಗುತ್ತಿದ್ದ.

ಆಮೇಲೆ ಹೊಸ ಆಂಟೆನಾಗಳು ಬಂದವು. ಅವನ್ನು ಟವರಿಗೆ ಕಚ್ಚಿಸುವ ಬ್ರ್ಯಾಕೆಟ್ಟಿನ ಮಾದರಿ ಮಾಡಿ ತೋರಿಸಿ ಎಂದು ಹೊರಗಿನ ದೊಡ್ಡ ಕಂಪನಿಯೊಂದು ಕೇಳಿತು. ಒಪ್ಪಿಗೆಯಾದರೆ ಸುತ್ತಲ ತಾಲ್ಲೂಕುಗಳ ಕೆಲಸವೆಲ್ಲ ನಮ್ಮದು. ಇಲ್ಲದಿದ್ದರೆ ಅಂಗಡಿ ಉಳಿಯುವುದು ಕಷ್ಟ, ಸರ್ಕಾರಿ ಕಂಬದ ಕೆಲಸ ಅಷ್ಟರಲ್ಲಿ ನಿಂತೇಹೋಗಿತ್ತು.

ನಮ್ಮ ಕಡೆ ಗಾಣ ಮಾಡಿಸುವ ರೈತ ಕೇಳಿದ್ದಕ್ಕಿಂತ ಒಂದಿಷ್ಟು ದಪ್ಪ ಕಬ್ಬಿಣ ಹಾಕಿಕೊಡುವುದು ಮರ್ಯಾದೆ. ಬರೀ ಅಳತೆಗೆ ಮಾಡಿಕೊಟ್ಟರೆ ಜಿಪುಣ ಅನ್ನುತ್ತಾರೆ. ಅಣ್ಣ ಕಂಪನಿಯ ನಕ್ಷೆ ನೋಡಿ, "ಈ ತಗಡು ಗಾಳಿಗ್ ನಿಂತದೇನ್ಲಾ? ನಮ್ ಎಸ್ರು ಕೆಡ್ತದೆ" ಎಂದು ದಪ್ಪ ಪಟ್ಟಿಯನ್ನೇ ಬೆಸೆದ. ನನಗೂ ಹೆಮ್ಮೆಯೇ ಆಯಿತು.

ತಪಾಸಣೆಗೆ ಬಂದ ಇಂಜಿನಿಯರು ಅದನ್ನು ತೂಗಿಸಿ ಮುಖ ಸಣ್ಣದು ಮಾಡಿಕೊಂಡರು.

"ನಕ್ಷೆಯಲ್ಲಿರೋ ಹಾಗಿಲ್ಲ. ತೂಕ ಜಾಸ್ತಿ."

"ಗಟ್ಟಿಯಾಗ್ ಮಾಡಿವ್ನಿ ಸಾ, ಎಚ್ಚಿನ್ ಕಬ್ಣ ನಮ್ದೇ," ಅಂದ ಅಣ್ಣ.

"ಗಟ್ಟಿ ಇದೆ. ಆದರೆ ಇಂಥವು ಹತ್ತಾರು ಸೇರಿದರೆ ಟವರಿಗೇ ಭಾರ."

ಅವರು ಸಿಡುಕಿನವರಾಗಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಪಾಪ, ಟೀ ಕುಡಿದು ಕೈಮುಗಿದು ಹೋದರು. ಆಮೇಲೆ ಬ್ರ್ಯಾಕೆಟ್ಟುಗಳು ಎಲ್ಲಿಂದಲೋ ಪೆಟ್ಟಿಗೆಗಳಲ್ಲಿ ಸಿದ್ಧವಾಗಿಯೇ ಬಂದವು.

ನನಗೆ ಇವತ್ತಿಗೂ ಗೊಂದಲ. ಅಳತೆಗೆ ಸರಿಯಾಗಿ ಮಾಡಿದ್ದರೆ ಉಳಿಯುತ್ತಿದ್ದೆವೋ, ಪೆಟ್ಟಿಗೆಗಳು ಹೇಗೂ ಬರುತ್ತಿದ್ದವೋ? ನಮಗೆ ಅನ್ನ ಕೊಟ್ಟಿದ್ದೂ ಟವರೇ, ಕಿತ್ತುಕೊಂಡಿದ್ದೂ ಟವರೇ. ಯಾರನ್ನಾದರೂ ಬೈಯೋಣವೆಂದರೆ ಅದನ್ನೂ ಅದೇ ಟವರಿನ ಫೋನಿನಲ್ಲೇ ಬೈಯಬೇಕು. ತಲೆ ಕೆಟ್ಟುಹೋಗುತ್ತದೆ.

ಅಣ್ಣ ಈಗ ಒಬ್ಬ ಗುತ್ತಿಗೆದಾರನ ಕೈಕೆಳಗೆ ಆ ಪೆಟ್ಟಿಗೆಯ ಬ್ರ್ಯಾಕೆಟ್ಟುಗಳನ್ನೇ ಟವರಿಗೆ ಬಿಗಿಯುತ್ತಾನೆ. ಮೊನ್ನೆ ಹೇಮಗಿರಿ ಹತ್ತಿರ ಕೆಲಸ ಮುಗಿಸಿ ಫೋನು ಮಾಡಿದ.

"ಲೇ, ಈಗ ಕೇಳುಸ್ತದಾ?"

"ಚೆನ್ನಾಗ್ ಕೇಳುಸ್ತದೆ ಕಣಣ್ಣ."

ಮೊದಲೆಲ್ಲ ಅವನ ಫೋನು ಬಂದರೆ ಗ್ರೈಂಡರಿನ ಸದ್ದಿಗೆ ಕಿವಿ ಮುಚ್ಚಿಕೊಂಡು ರಸ್ತೆಗೆ ಓಡುತ್ತಿದ್ದೆ. ಅದು ಅವನಿಗೂ ನೆನಪಿದ್ದಿರಬೇಕು.

"ರೋಡಲ್ಲಿದ್ದೀಯಾ?" ಎಂದು ಕೇಳಿದ.

"ಇಲ್ಲ, ಅಂಗಡಿ ಒಳಗೇ ಇವ್ನಿ," ಅಂದೆ.

ಪಕ್ಕದಲ್ಲೇ ಗ್ರೈಂಡರು ಧೂಳು ಹಿಡಿದು ನಿಂತಿತ್ತು. ಅಣ್ಣ ಲೈನು ಕಟ್ ಮಾಡದೆ ಕೇಳಿಸಿಕೊಳ್ಳುತ್ತಲೇ ಇದ್ದ.