ದೊಡ್ಡಮ್ಮನ ಅಳು

ನನ್ನ ತಂಗಿ ಇಂಗ್ಲೆಂಡಿನಲ್ಲಿ ಬೇರೆಯವರ ಧ್ವನಿಯಲ್ಲಿ ಮಾತಾಡಿ ಬದುಕುತ್ತಾಳೆ. ನಾನು ಕ್ಯಾಲಿಫೋರ್ನಿಯಾದಲ್ಲಿ ಹಲವು ವರ್ಷ ಅವಳ ಧ್ವನಿಯಲ್ಲಿ ಮಾತಾಡಿ ಹೆಸರು ಮಾಡಿದೆ. ಇಬ್ಬರ ಕೆಲಸವೂ ಒಂದೇ. ವ್ಯತ್ಯಾಸವೆಂದರೆ, ತಾನು ಯಾರ ಹಾಗೆ ಮಾತಾಡುತ್ತಿದ್ದೇನೆ ಎಂದು ಅವಳು ಮೊದಲೇ ಹೇಳುತ್ತಾಳೆ.

ಮಂಡ್ಯದಲ್ಲಿ ನಮ್ಮಪ್ಪನಿಗೆ ಸೈಕಲ್ ಅಂಗಡಿ ಇತ್ತು. ಮಧ್ಯಾಹ್ನ ಅಪ್ಪ ಮಲಗಿದ್ದಾಗ ಯಾರಾದರೂ ಬಂದರೆ ತಂಗಿ ಅರ್ಧ ಎಳೆದ ಬಾಗಿಲ ಹಿಂದೆ ನಿಂತು, ಅಪ್ಪನ ಗಂಟಲಿನಲ್ಲಿ, "ಟ್ಯೂಬು ಬಂದಿಲ್ಲ, ನಾಳೆ ಬಾರಪ್ಪ" ಎನ್ನುತ್ತಿದ್ದಳು. ಬಂದವರು ಹೋಗುತ್ತಿದ್ದರು. ಅಪ್ಪನಿಗೆ ವ್ಯಾಪಾರ ಯಾಕೆ ಕಡಿಮೆಯಾಯಿತು ಎಂದು ಕೊನೆಯವರೆಗೂ ತಿಳಿಯಲಿಲ್ಲ. ನಾನು ಒಂಬತ್ತನೇ ತರಗತಿಯಲ್ಲಿ ಫೇಲಾಗಿ ಬೇಕರಿಗೆ ಸೇರಿದೆ. ಅವಳು ಪಿಯುಸಿ ಮುಗಿಸಿ, ಮದುವೆಯಾಗಿ, ಗಂಡನ ಹಿಂದೆ ಲಂಡನ್ನಿಗೆ ಹೋದಳು.

ಅಲ್ಲಿ ಅವಳು ಇಂಗ್ಲಿಷನ್ನು ಕಲಿತದ್ದು ಅನುಕರಿಸಿಯೇ. ಮೊದಲು ಬಸ್ಸಿನಲ್ಲಿ ನಿಲ್ದಾಣಗಳ ಹೆಸರು ಹೇಳುವ ಹೆಂಗಸು, ಆಮೇಲೆ ಟೀವಿಯಲ್ಲಿ ಮಳೆ ಬರುತ್ತದೆ ಎಂದು ಹೇಳುವ ಹೆಂಗಸು. ಧ್ವನಿ ಮೊದಲು ಬಂತು, ಅರ್ಥ ನಿಧಾನವಾಗಿ ಬಂತು. ಅಂಗಡಿಯೊಂದರ ಗಲ್ಲಾದಲ್ಲಿ ಕೂತು, ಗಿರಾಕಿ ಬಾಗಿಲು ದಾಟಿದ ಕೂಡಲೇ ಅವರ ಹಾಗೆ ಮಾತಾಡಿ ಜೊತೆಯವರನ್ನು ನಗಿಸುತ್ತಿದ್ದಳು. ಅವರಲ್ಲೊಬ್ಬಳು ಇವಳನ್ನು ಯಾರು ಬೇಕಾದರೂ ಮೈಕು ಹಿಡಿಯಬಹುದಾದ ಒಂದು ಪಬ್ಬಿಗೆ ಕರೆದುಕೊಂಡು ಹೋದಳು. ಅಲ್ಲಿಂದ ಸಣ್ಣ ಕಾಮಿಡಿ ಕ್ಲಬ್ಬುಗಳು, ರೇಡಿಯೋ, ಸಂಗೀತ ನಾಟಕದಲ್ಲಿ ಹಾಡುವ ಪಾತ್ರಗಳು. ಕೊನೆಗೆ ಟೀವಿಯ ಆಸ್ಪತ್ರೆ ಧಾರಾವಾಹಿಯೊಂದರಲ್ಲಿ ರಿಸೆಪ್ಷನಿಸ್ಟ್. "ಡಾಕ್ಟರ್ ಇನ್ನೂ ಬಂದಿಲ್ಲ" ಎನ್ನುವುದನ್ನು ಅವಳು ವರ್ಷಗಟ್ಟಲೆ ಹೇಳಿದ್ದಾಳೆ. ಅಪ್ಪನ ಅಂಗಡಿಯ ತರಬೇತಿ.

ಹೊಸ ಐಟಂ ಕಟ್ಟಿದಾಗಲೆಲ್ಲ ಮೊದಲು ನನಗೆ ಫೋನು ಮಾಡುತ್ತಿದ್ದಳು. ಅವಳ ರಾತ್ರಿಯ ಶೋ ಮುಗಿಯುವ ಹೊತ್ತಿಗೆ ಇಲ್ಲಿ ನನಗೆ ಮಧ್ಯಾಹ್ನ, ಈರುಳ್ಳಿ ಹೆಚ್ಚುವ ಸಮಯ. "ಅಣ್ಣ, ಒಂದು ಕೇಳು" ಎಂದು ಶುರು ಮಾಡುತ್ತಿದ್ದಳು. ನಾನು ನಕ್ಕರೆ ಐಟಂ ಉಳಿಯುತ್ತಿತ್ತು. ಬೇಡ ಅಂದರೆ ಬಿಡುತ್ತಿದ್ದಳು.

"ನಂಗೇ ಯಾಕೆ ಕೇಳಿಸ್ತೀಯೇ?" ಎಂದು ಒಮ್ಮೆ ಕೇಳಿದ್ದೆ.

"ನೀನು ಓದಿಲ್ಲ, ಅದಕ್ಕೇ. ಓದಿದವರು ನಗೋಕ್ ಮುಂಚೆ ಯೋಚನೆ ಮಾಡ್ತಾರೆ."

ಅದು ಹೊಗಳಿಕೆ ಎಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು.

ನಾನು ಇಲ್ಲಿಗೆ ಬಂದದ್ದು ಹೆಂಡತಿಯ ಕೆಲಸದ ಹಿಂದೆ, ಅವಳಿಗೆ ಸ್ಯಾನ್ ಮಟಿಯೋದಲ್ಲಿ ಆಫೀಸು. ನಾನು ಅಪಾರ್ಟ್‌ಮೆಂಟಿನಲ್ಲೇ ಅಡುಗೆ ಮಾಡಿ, ನಮ್ಮವರ ಪಾರ್ಟಿಗಳಿಗೆ ಟ್ರೇಗಟ್ಟಲೆ ಒಯ್ದು ಕೊಡುತ್ತೇನೆ. ಟ್ರೇ ಇಟ್ಟ ಮೇಲೆ ಮನೆಯವರು "ಕೂತ್ಕೊಳಿ ಅಣ್ಣ" ಎನ್ನುತ್ತಾರೆ. ಕೂತ ಕೂಡಲೇ ಪಕ್ಕದವರು "ಯಾವ ಕಂಪನಿ?" ಎನ್ನುತ್ತಾರೆ. "ಕಂಪನಿ ಇಲ್ಲ, ಬಿಸಿಬೇಳೆಬಾತು" ಎಂದರೆ "ಓ, ವಾವ್" ಎಂದು ನನ್ನ ಹೆಗಲ ಮೇಲಿಂದ ಹಿಂದೆ ಯಾರಿದ್ದಾರೆ ಎಂದು ನೋಡುತ್ತಾರೆ. ಕೆಟ್ಟವರೇನಲ್ಲ. ಅವರಿಗೆ ಮುಂದಿನ ಪ್ರಶ್ನೆ ಗೊತ್ತಿರುವುದಿಲ್ಲ, ಅಷ್ಟೆ.

ಒಂದು ಪಾರ್ಟಿಯಲ್ಲಿ ಹಾಗೆ ಕೂತಿದ್ದಾಗ ತಂಗಿಯ ಮಳೆ ಹೆಂಗಸನ್ನು ಮಾಡಿಬಿಟ್ಟೆ. ಜನ ತಟ್ಟೆ ಕೆಳಗಿಟ್ಟು ನಕ್ಕರು. ಮುಂದಿನ ವಾರ ಇನ್ನೊಂದು ಮನೆಯವರು ಟ್ರೇಯ ಜೊತೆ ಅದನ್ನೂ ಕೇಳಿದರು. ಕೆಲವು ತಿಂಗಳಲ್ಲಿ ನಾನು "ಮಿಮಿಕ್ರಿ ಅಣ್ಣ" ಆದೆ. ಇಲ್ಲಿನ ಕನ್ನಡ ಸಂಘದ ಯುಗಾದಿಗೂ ದೀಪಾವಳಿಗೂ ನನಗೊಂದು ಜಾಗ ಸಿಕ್ಕಿತು. ಇವು ಯಾರ ಐಟಂ ಎಂದು ಯಾರಾದರೂ ಕೇಳಿದರೆ ಹೇಳೋಣ ಎಂದುಕೊಂಡಿದ್ದೆ. ಯಾರೂ ಕೇಳಲಿಲ್ಲ. ಮಗಳು ಮಾತ್ರ ಕಾರಿನಲ್ಲಿ, "ಡಿಡ್ ಯು ಆಸ್ಕ್ ಅತ್ತೆ?" ಅಂದಳು. "ಕನ್ನಡದಲ್ಲಿ ಮಾತಾಡು" ಎಂದು ಗದರಿದೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ನಮ್ಮ ದೊಡ್ಡಮ್ಮನಿಗೆ ಅಳುವುದರಲ್ಲಿ ಹೆಸರಿತ್ತು. ಯಾರ ಮನೆಯಲ್ಲಿ ಸಾವಾದರೂ ಅವಳು ಹೋಗಿ ರಾಗ ಎಳೆದರೆ ಕಲ್ಲೂ ಅಳಬೇಕು. ಆದರೆ ಮನೆ ನಡೆಸುವ ಹೆಂಗಸು, ಅಳುವಾಗಲೂ ಕಣ್ಣು ನಾಲ್ಕೂ ಕಡೆ ಇರುತ್ತಿತ್ತು. "ಬುಟ್ಟೋದ್ಯಲ್ಲೋ ನನ್ನಪ್ಪಾ, ಮುದ್ದೆ ಮುರಿಯೋ ಕೈ ಮಣ್ಣಾಯ್ತಲ್ಲೋ ನನ್ನಪ್ಪಾ, ಒಲೆ ಮ್ಯಾಲೆ ಹಾಲೈತೆ ಯಾರಾದ್ರೂ ಇಳಿಸ್ರವ್ವಾ" ಎಂದು ಒಂದೇ ರಾಗದಲ್ಲಿ, ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ಯಾರಾದರೂ ಓಡಿಹೋಗಿ ಇಳಿಸುತ್ತಿದ್ದರು.

ತಂಗಿ ಇದನ್ನು ಐಟಂ ಮಾಡಿದಳು. ಮೊದಲು ದೊಡ್ಡಮ್ಮ. ಆಮೇಲೆ ಅದೇ ರಾಗವನ್ನು ದೊಡ್ಡ ರಂಗಮಂದಿರದಲ್ಲಿ ಉದ್ದ ಗೌನು ತೊಟ್ಟು ಹಾಡುವ ಇಂಗ್ಲಿಷ್ ಗಾಯಕಿ, ಅದೇ ಹಾಲು, ಅದೇ ಒಲೆ, ಇಂಗ್ಲಿಷಿನಲ್ಲಿ. ಕೊನೆಗೆ ಮತ್ತೆ ದೊಡ್ಡಮ್ಮ, ಈ ಸಲ ದೊಡ್ಡಪ್ಪ ಸತ್ತ ದಿನ. ಅಳಲು ಬಾಯಿ ತೆರೆಯುತ್ತಾಳೆ, ರಾಗ ಬರುವುದಿಲ್ಲ. ಮೂಗಿನಲ್ಲಿ ಒಂದು ಉಸಿರು ಎಳೆದುಕೊಳ್ಳುತ್ತಾಳೆ. ಹಾಲು ಉಕ್ಕುತ್ತಿದೆ ಎಂದು ಯಾರೋ ಹೇಳುತ್ತಾರೆ. "ಉಕ್ಕಲಿ ಬುಡು" ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು.

ಫೋನಿನಲ್ಲಿ ಇದನ್ನು ಕೇಳುವಾಗ ನನಗೆ ಮಧ್ಯದಲ್ಲೇ ನಗು ತಡೆಯಲಾಗಲಿಲ್ಲ. ತೋಳು ಚಾಚಿ ಫೋನನ್ನು ದೂರ ಹಿಡಿದು, ಬಾಯಿಗೆ ಅಡುಗೆಮನೆಯ ಟವೆಲು ಒತ್ತಿಕೊಂಡು ನಕ್ಕೆ. ಕೊನೆಗೆ ಕಣ್ಣೊರೆಸಿಕೊಂಡೆ, ಎದುರಿಗೆ ಈರುಳ್ಳಿಯೂ ಇತ್ತು. ಆಮೇಲೆ ಫೋನನ್ನು ಕಿವಿಗಿಟ್ಟು ಹೇಳಿದೆ.

"ಇದು ಬೇಡ ಕಣೇ. ಸಾವಿನ ಮನೆ ವಿಷಯ. ಅಲ್ಲಿನ ಜನಕ್ಕೆ ಅರ್ಥ ಆಗಲ್ಲ."

"ಇದನ್ನೇ ಕೊನೇಲಿ ಇಡೋಣ ಅಂತಿದ್ದೆ ಅಣ್ಣ."

ಅವಳು ಆಗ ಒಬ್ಬಳೇ ನಿಂತು ಮಾಡುವ ಪೂರ್ಣ ಶೋ ಒಂದನ್ನು ಕಟ್ಟುತ್ತಿದ್ದಳು. ರೇಡಿಯೋದವರು ನೋಡಲು ಬರುವುದಿತ್ತು. ಅವರಿಗೆ ಹಿಡಿಸಿದರೆ ಅವಳದೇ ಹೆಸರಿನ ಕಾರ್ಯಕ್ರಮ, ಇನ್ನು ಡಾಕ್ಟರು ಬಂದರೇನು, ಬಾರದಿದ್ದರೇನು. ಇದೆಲ್ಲ ನನಗೆ ಗೊತ್ತಿತ್ತು. ಆ ಶನಿವಾರ ನಮ್ಮ ಸಂಘದ ದೀಪಾವಳಿ ಇತ್ತು, ನನ್ನ ಬಳಿ ಹೊಸದೇನೂ ಉಳಿದಿರಲಿಲ್ಲ. ಇದೂ ಗೊತ್ತಿತ್ತು.

"ನಗು ಬರಲಿಲ್ಲ ಕಣೇ" ಅಂದೆ.

"ನೀನು ಹೇಳಿದ್ಮೇಲೆ ಮುಗೀತು ಬಿಡು" ಅಂದಳು.

ಶನಿವಾರ ನಾನು ಅದನ್ನು ಮಾಡಿದೆ. ಗಾಯಕಿಯ ಭಾಗ ನನಗೆ ಬರಲಿಲ್ಲ, ಬಿಟ್ಟೆ. ಕೊನೆಯ ಭಾಗ ಮನೆಯಲ್ಲಿ ಅಭ್ಯಾಸ ಮಾಡಿದೆ. ಉಸಿರೆಳೆದರೆ ನೆಗಡಿಯ ಹಾಗೆ ಕೇಳುತ್ತಿತ್ತು, ಅದನ್ನೂ ಬಿಟ್ಟೆ. ಬದಲಿಗೆ, "ನನ್ ಚಪ್ಲಿ ಯಾವಳು ಮೆಟ್ಕೊಂಡೋದ್ಲವ್ವಾ" ಎಂಬ ಒಂದು ಸಾಲನ್ನು ನಾನೇ ಸೇರಿಸಿದೆ. ಸಭೆ ಎದ್ದು ಚಪ್ಪಾಳೆ ತಟ್ಟಿತು. ಅಂದಿನಿಂದ ನಾನು ಎಲ್ಲಿಗೆ ಹೋದರೂ "ಹಾಲು, ಹಾಲು" ಎಂದು ಕೂಗುತ್ತಿದ್ದರು.

ರೇಡಿಯೋದವರು ತಂಗಿಯ ಶೋ ನೋಡಿದರು. ಎಲ್ಲ ಚೆನ್ನಾಗಿದೆ, ಆದರೆ ಇದು ಮುಗಿಯುವುದಿಲ್ಲ, ಬರೀ ನಿಲ್ಲುತ್ತದೆ ಎಂದರಂತೆ. ಕಾರ್ಯಕ್ರಮ ಬೇರೆ ಯಾರಿಗೋ ಹೋಯಿತು. ಅವಳು ಇದನ್ನು ನನಗೆ ಹೇಳಿದ್ದು ಆ ರೇಡಿಯೋ ಮನುಷ್ಯನ ಧ್ವನಿಯಲ್ಲೇ. ತುಂಬ ಚೆನ್ನಾಗಿ ಮಾಡಿದಳು. ನಾನು ನಕ್ಕೆ.

ಹೋದ ಬೇಸಿಗೆಯಲ್ಲಿ ಅವಳಿಗೆ ಇಲ್ಲೊಂದು ಸಣ್ಣ ಥಿಯೇಟರಿನಲ್ಲಿ ಶೋ ಸಿಕ್ಕಿತು. ನಮ್ಮ ಮನೆಯಲ್ಲೇ ಇಳಿದುಕೊಂಡಳು. ಅವಳು ಕನ್ನಡದವರ ಕಣ್ಣಿಗೆ ಬೀಳದಂತೆ ನಾನು ಗೋಲ್ಡನ್ ಗೇಟ್, ಬೀಚು ಎಂದು ಸುತ್ತಿಸಿದೆ. ಪ್ರಯೋಜನವಾಗಲಿಲ್ಲ. ಸಂಘದ ಅಧ್ಯಕ್ಷರು ಸರಟೋಗಾದ ತಮ್ಮ ಮನೆಯಲ್ಲಿ ಅವಳಿಗಾಗಿ ಡಿನ್ನರು ಇಟ್ಟರು. ಅಡುಗೆ ನನ್ನದೇ.

ಊಟವಾದ ಮೇಲೆ ಅಧ್ಯಕ್ಷರು ಚಮಚದಿಂದ ಲೋಟ ಬಡಿದರು. "ಗೆಸ್ಟು ಲಂಡನ್ನಿಂದ ಬಂದಿರಬಹುದು. ಆದ್ರೆ ನಮ್ ಲೋಕಲ್ ಸ್ಟಾರು ಕಮ್ಮಿ ಏನಿಲ್ಲ. ಅಣ್ಣ, ಹಾಲು ಐಟಂ ಆಗ್ಲಿ!"

"ಇವತ್ತು ಗಂಟಲು ಸರಿಯಿಲ್ಲ ಸಾರ್."

"ಅಳೋಕೆ ಗಂಟಲು ಯಾಕೆ ಅಣ್ಣ? ಬನ್ನಿ, ಬನ್ನಿ."

ಬೇಡ ಎನ್ನಬಹುದಿತ್ತು. ಹೊಟ್ಟೆನೋವು ಎಂದು ಬಾತ್‌ರೂಮಿಗೆ ಹೋಗಬಹುದಿತ್ತು. ಎದ್ದು ನಿಂತು ಮಾಡಿದೆ. ತಂಗಿ ಸೋಫಾದ ತುದಿಯಲ್ಲಿ ಪಾಯಸದ ಬಟ್ಟಲು ಹಿಡಿದು ಕೂತಿದ್ದಳು. ಹಾಲು ಬಂದಾಗ ಅವಳ ಚಮಚ ನಿಂತಿತು. ಚಪ್ಪಲಿ ಬಂದಾಗ ಅವಳೇ ಎಲ್ಲರಿಗಿಂತ ಮೊದಲು ನಕ್ಕಳು. ಅದು ಕಸುಬಿನ ನಗು. ಕೇಳಿದರೆ ಗೊತ್ತಾಗುತ್ತದೆ.

"ತಂಗೀನೂ ಅಣ್ಣನ ಐಟಂ ಟ್ರೈ ಮಾಡ್ಲಿ!" ಎಂದು ಅಧ್ಯಕ್ಷರ ಹೆಂಡತಿ ಅಂದರು.

ನಾನು ನೆಲ ನೋಡಿದೆ. ಒಳ್ಳೆಯ ಮರದ ನೆಲ.

ತಂಗಿ ಬಟ್ಟಲು ಕೆಳಗಿಟ್ಟು, ಎದ್ದು ಕೂಡ ನಿಲ್ಲದೆ, ಪೂರ್ತಿ ಮಾಡಿದಳು. ದೊಡ್ಡಮ್ಮ, ಗಾಯಕಿ, ಮತ್ತೆ ದೊಡ್ಡಮ್ಮ. ಆ ಉಸಿರು. "ಉಕ್ಕಲಿ ಬುಡು." ಸೊಸೆಯ ಬಾಣಂತನಕ್ಕೆಂದು ಹಾಸನದಿಂದ ಬಂದಿದ್ದ ಮುದುಕಿಯೊಬ್ಬರು ಸೆರಗಿನಿಂದ ಮುಖ ಒರೆಸಿಕೊಂಡರು.

"ನೈಸ್," ಎಂದರು ಅಧ್ಯಕ್ಷರು, ಸ್ವಲ್ಪ ಹೊತ್ತಾದ ಮೇಲೆ. "ವೆರಿ ನೈಸ್. ಆದ್ರೆ ಕಾಮಿಡೀಲಿ ಅಣ್ಣನ್ ಮುಂದೆ ಯಾರೂ ಇಲ್ಲ ಬಿಡಿ. ನೀವು ಎಂಡಿಂಗು ಸ್ವಲ್ಪ ಸೀರಿಯಸ್ ಮಾಡ್ಬಿಟ್ರಿ."

"ಹೌದು," ಎಂದಳು ತಂಗಿ. "ಅಣ್ಣನೂ ಹಿಂದೆ ಹಂಗೇ ಹೇಳಿದ್ದ."

ಹಿಂತಿರುಗುವಾಗ ತಂಗಿ ಕಾರಿನಲ್ಲಿ ನನ್ನ ಪಕ್ಕ ಕೂತಿದ್ದಳು. ಹೆಂಡತಿ ಹಿಂದಿನ ಸೀಟಿನಲ್ಲಿ ಖಾಲಿ ಟ್ರೇಗಳನ್ನು ತೊಡೆಯ ಮೇಲಿಟ್ಟುಕೊಂಡು ಸದ್ದಾಗದಂತೆ ಹಿಡಿದಿದ್ದಳು.

"ಚಪ್ಲಿ ಸಾಲು ನೀನೇ ಸೇರಿಸಿದ್ದಾ?" ಎಂದು ತಂಗಿ ಕೇಳಿದಳು.

"ಹೂಂ."

"ಚೆನ್ನಾಗಿದೆ."

ಅಷ್ಟೇ ಅಂದಳು. ಬೈದಿದ್ದರೆ ಸಮಾಧಾನ ಮಾಡಬಹುದಿತ್ತು. ನನಗೆ ಅದಕ್ಕೆ ಬೇಕಾದ ಮಾತು ತಯಾರಿತ್ತು. ಅಪ್ಪ, ಬೇಕರಿ, ಒಂಬತ್ತನೇ ಕ್ಲಾಸು, ಕಂಪನಿ ಇಲ್ಲದ್ದು, ಎಲ್ಲ ಜೋಡಿಸಿಟ್ಟುಕೊಂಡಿದ್ದೆ.

ಅವಳು ವಾಪಸು ಹೋದ ಮೇಲೂ ಫೋನು ಮಾಡುತ್ತಿದ್ದಳು. ನನ್ನ ಬೀಪಿ ಕೇಳುತ್ತಿದ್ದಳು, ಲಂಡನ್ನಿನಲ್ಲಿ ಮಳೆ ಎನ್ನುತ್ತಿದ್ದಳು. ಮಳೆಯನ್ನು ಅವಳು ತನ್ನ ಸ್ವಂತ ಧ್ವನಿಯಲ್ಲಿ ಹೇಳುವುದನ್ನು ನಾನು ಕೇಳಿದ್ದು ಅದೇ ಮೊದಲು. "ಅಣ್ಣ, ಒಂದು ಕೇಳು" ಮಾತ್ರ ಬರಲಿಲ್ಲ. ಮಧ್ಯಾಹ್ನ ಈರುಳ್ಳಿ ಹೆಚ್ಚುವಾಗ ಫೋನನ್ನು ಹಲಗೆಯ ಪಕ್ಕದಲ್ಲೇ ಇಟ್ಟುಕೊಂಡಿರುತ್ತಿದ್ದೆ.

ಗಿಲ್‌ರಾಯ್‌ನಲ್ಲಿ ಒಂದು ಗೃಹಪ್ರವೇಶಕ್ಕೆ ಹೋದಾಗ "ಹಾಲು, ಹಾಲು" ಎಂದರು. ಎದ್ದು ನಿಂತು, ಇದು ನನ್ನದಲ್ಲ, ನನ್ನ ತಂಗಿಯದು, ಅವಳನ್ನು ಕೇಳದೆ ಎತ್ತಿಕೊಂಡೆ ಎಂದೆ. ಜೋರಾಗಿ ಚಪ್ಪಾಳೆ ತಟ್ಟಿದರು. "ಎಷ್ಟು ಹಂಬಲ್ ನೋಡಿ ಅಣ್ಣ, ತಂಗಿಗೆ ಕ್ರೆಡಿಟ್ ಕೊಡ್ತಿದಾರೆ" ಎಂದು ಒಬ್ಬರು ಹೇಳಿ, "ಸರಿ, ಶುರು ಮಾಡಿ" ಎಂದರು. ನಾನು ಅನ್ನ ಬಡಿಸಲು ಹೋದೆ. ಅದನ್ನೂ ಹಂಬಲ್ ಎಂದರು.

ಈ ವರ್ಷ, ಒಂದು ಮಧ್ಯಾಹ್ನ, ಫೋನು ಬಂತು.

"ಅಣ್ಣ, ಒಂದು ಕೇಳು."

ಚಾಕು ಕೆಳಗಿಟ್ಟೆ. ದೊಡ್ಡಮ್ಮ ಶುರುವಾದಳು, ಹಾಲು ಬಂತು, ಗಾಯಕಿ ಬಂದಳು. ಇದ್ದಕ್ಕಿದ್ದ ಹಾಗೆ ಎಲ್ಲ ನಿಂತಿತು. ದೂರದಲ್ಲಿ ಕುಕ್ಕರು ಕೂಗಿತು, ಅದೂ ಅವಳ ಬಾಯಿಂದಲೇ. ಆಮೇಲೆ ಒಬ್ಬ ಗಂಡಸು ಗಂಟಲು ಸರಿಮಾಡಿಕೊಂಡು, "ಇದು ಬೇಡ ಕಣೇ. ಅಲ್ಲಿನ ಜನಕ್ಕೆ ಅರ್ಥ ಆಗಲ್ಲ" ಎಂದ. ಮಾತು ಮುಗಿಯುವಾಗ ಅವನ ಧ್ವನಿ ಸ್ವಲ್ಪ ಸಣ್ಣದಾಗುತ್ತಿತ್ತು, ಏನನ್ನೋ ಹಿಂದೆ ಬಚ್ಚಿಟ್ಟುಕೊಂಡವನ ಹಾಗೆ. ನಾನು ಹಾಗೆ ಮಾತಾಡುತ್ತೇನೆಂದು ನನಗೆ ಗೊತ್ತಿರಲಿಲ್ಲ. ಗಾಯಕಿ ಸುಮ್ಮನಾದಳು. ದೊಡ್ಡಮ್ಮ ಉಸಿರೆಳೆದುಕೊಂಡಳು. "ಉಕ್ಕಲಿ ಬುಡು."

"ಹೆಂಗಿದೆ?" ಎಂದು ತಂಗಿ ತನ್ನ ಧ್ವನಿಯಲ್ಲಿ ಕೇಳಿದಳು. "ಮುಂದಿನ ಶೋಗೆ. ಬೇಡ ಅಂದ್ರೆ ಬಿಡ್ತೀನಿ."

"ಆವತ್ತು ಸುಳ್ಳು ಹೇಳಿದ್ದೆ ಕಣೇ," ಎಂದೆ. "ನಂಗೆ ನಗು ಬಂದಿತ್ತು."

"ಗೊತ್ತು. ಫೋನು ದೂರ ಹಿಡ್ಕೊಂಡು ನಕ್ಕಿದ್ದೆ. ಕೇಳಿಸ್ತು."

"ಕೇಳಿಸ್ತಾ? ಮತ್ಯಾಕೆ ಬಿಟ್ಟೆ?"

"ನೀನು ನಗು ಬರಲಿಲ್ಲ ಅಂದ್ಯಲ್ಲ. ನನ್ ಕಿವೀಗೇ ಏನೋ ಆಗಿದೆ ಅನ್ಕೊಂಡೆ."

ನಿಜವಾದ ಕುಕ್ಕರು ಕೂಗಿತು. ಒಲೆ ಆರಿಸಿದೆ.

"ಇಡೋದಾ, ಬಿಡೋದಾ? ಹೇಳು ಬೇಗ."

"ಇಡು" ಎಂದೆ. "ಇನ್ನೊಂದ್ಸಲ ಮಾಡು, ಕೇಳ್ತೀನಿ."

ಅವಳು ಮೊದಲಿನಿಂದ ಶುರು ಮಾಡಿದಳು. ಈ ಸಲ ಫೋನನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡೆ.