ಗೇರಿನ ಮೇಲಿನ ಕೈ

ಚನ್ನಪ್ಪಕಾಕಾ ಬಸ್ಸು ಹತ್ತಿದರೆ ಕೂಡ್ರಲು ಸೀಟು ಹುಡುಕುತ್ತಿರಲಿಲ್ಲ. ನೆಟ್ಟಗೆ ಮುಂದೆ ಹೋಗಿ ಡ್ರೈವರನ ಎಡಗೈ ಕಾಣುವ ಹಾಗೆ ಕಂಬ ಹಿಡಿದು ನಿಲ್ಲುತ್ತಿದ್ದರು. ಡ್ರೈವರ್ ಗೇರು ಬದಲಿಸಿ ಕೈಯನ್ನು ಹಾಗೇ ಗೇರಿನ ಗುಂಡಿನ ಮೇಲೆ ಬಿಟ್ಟನೋ, ಮುಗಿಯಿತು. "ತಮ್ಮಾ, ಗೇರ್ ಹಾಕಿದಿ, ಛಲೋ ಆತು. ಇನ್ನ ಕೈ ತಗಿ." ಧಾರವಾಡ-ಹುಬ್ಬಳ್ಳಿ ನಡುವೆ ಓಡಾಡುವ ಡ್ರೈವರುಗಳಲ್ಲಿ ಬಹಳ ಜನಕ್ಕೆ ಈ ಮುದುಕರ ಪರಿಚಯವಿತ್ತು. ಕೆಲವರಂತೂ ಅವರು ಮೆಟ್ಟಿಲು ಹತ್ತುವುದನ್ನು ಕನ್ನಡಿಯಲ್ಲಿ ಕಂಡ ಕೂಡಲೇ ನಗುತ್ತ ಎರಡೂ ಕೈಗಳನ್ನು ಸ್ಟೇರಿಂಗಿನ ಮೇಲೆ ಇಟ್ಟುಬಿಡುತ್ತಿದ್ದರು.

ಈ ಚಟ ಅವರಿಗೆ ಮೊದಲಿನಿಂದ ಇದ್ದದ್ದಲ್ಲ. ಅದು ಅಂಟಿಕೊಂಡದ್ದು ನನ್ನ ಕಣ್ಣೆದುರಿಗೇ.

ಧಾರವಾಡದ ಮಾಳಮಡ್ಡಿಯ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗೆ ಇದ್ದೆ. ಸಣ್ಣ ಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದುದರಿಂದ ಅವರಿಗೆ ನಾನು "ಅಕ್ಕಾರು". ಅವರೂ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಮನೆಯ ಅಂಗಳದ ನಡುವೆ ಒಂದು ಗೋಡೆ. ಗೋಡೆಯ ಆಚೆ ಅವರ ಅಣ್ಣ ಗುರಪ್ಪಕಾಕಾ, ಕೋರ್ಟಿನ ನೌಕರಿ ಮುಗಿಸಿ ಮನೆಯಲ್ಲಿದ್ದವರು. ಅಣ್ಣತಮ್ಮಂದಿರ ನಡುವೆ ಮಾತಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು "ಆ ಕಡೀಯವರು" ಅನ್ನುತ್ತಿದ್ದರು. ನನ್ನ ಮೆಟ್ಟಿಲಿನ ಮೇಲೆ ನಿಂತರೆ ಎರಡೂ ಅಂಗಳ ಕಾಣುತ್ತಿದ್ದವು. ಹೀಗಾಗಿ ಮನೆಗೆ ಸಾಮಾನು ಇಳಿಸಿದ ವಾರದಲ್ಲೇ ನಾನು ಇಬ್ಬರಿಗೂ ಟಪಾಲು ಕಚೇರಿಯಾದೆ.

"ಅಕ್ಕಾರ, ಆ ಕಡೀಯವರಿಗೆ ಹೇಳ್ರಿ, ಅವರ ಬೇವಿನ ಎಲಿ ನಮ್ಮ ಅಂಗಳದಾಗ ಬೀಳಾಕತ್ತಾವ ಅಂತ."

"ಎಲಿ ಮ್ಯಾಲೆ ನನ್ನ ಹೆಸರು ಬರದೈತೇನು, ಕೇಳ್ರಿ ಅವರನ್ನ."

ನಾನು ಎರಡನ್ನೂ ಸ್ವಲ್ಪ ಸಕ್ಕರೆ ಹಾಕಿ ಮುಟ್ಟಿಸುತ್ತಿದ್ದೆ.

ಜಗಳದ ಮೂಲ ಒಂದು ಕಾರು. ಅವರ ತಂದೆ ಡಾಕ್ಟರರು. ಮುಂಬೈಯಿಂದ ತಾವೇ ಓಡಿಸಿಕೊಂಡು ಬಂದ ವಿಲಾಯತಿ ಸ್ಪೋರ್ಟ್ಸ್ ಕಾರು ಅವರ ಹತ್ತಿರವಿತ್ತು. ಹಸಿರು ಬಣ್ಣ, ಎರಡೇ ಸೀಟು, ಮಡಚುವ ಬಟ್ಟೆಯ ಛಾವಣಿ. ಅಮ್ಮಿನಬಾವಿಯ ರೋಗಿಗಳನ್ನು ನೋಡಲು ಅವರು ಅದರಲ್ಲೇ ಹೋಗುತ್ತಿದ್ದರಂತೆ. ಡಾಕ್ಟರರು ತೀರಿಕೊಂಡ ಮೇಲೆ ಅದರ ಮೂರನೇ ಗೇರು ಕೆಟ್ಟಿತು. ಹಾಕಿದರೆ ನಿಲ್ಲದು, ಕಟ್ಟೆಂದು ತಾನೇ ಬಿಟ್ಟುಕೊಳ್ಳುವುದು. ತಮ್ಮ ಒರಟಾಗಿ ಗೇರು ಎಳೆದು ಕೆಡಿಸಿದ ಎಂದು ಅಣ್ಣ. ಅಣ್ಣನಿಗೆ ಕ್ಲಚ್ಚು ತುಳಿಯಲಿಕ್ಕೇ ಬರುವುದಿಲ್ಲ ಎಂದು ತಮ್ಮ. ಗೇರ್‌ಬಾಕ್ಸ್ ಬಿಚ್ಚಿ ಕಟ್ಟೆಯ ಮೇಲೆ ಇಟ್ಟಾಗಲೇ ಮಾತು ಬೆಳೆದು ಮನೆ ಪಾಲಾಯಿತು. ಗೋಡೆ ಎದ್ದಾಗ ಕಾರು ಅಣ್ಣನ ಕಡೆ ಉಳಿಯಿತು, ಗೇರ್‌ಬಾಕ್ಸ್ ತಮ್ಮನ ಕಡೆ ಉಳಿಯಿತು. ತಮ್ಮ ಅದನ್ನು ಅವ್ವ ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿದ ಕೌದಿಯಲ್ಲಿ ಗಂಟು ಕಟ್ಟಿ ಮೂಲೆಗಿಟ್ಟರು. ಅಣ್ಣ ಕಾರಿಗೆ ತಾಡಪತ್ರಿ ಹೊದಿಸಿದರು.

ಒಂದು ಮಳೆಗಾಲದಲ್ಲಿ ಮಾಳಿಗೆ ಸೋರಿ ಆ ಗಂಟು ತೊಯ್ದಿತು. ಬಿಸಿಲು ಬಿದ್ದ ದಿನ ಚನ್ನಪ್ಪಕಾಕಾ ಒಣಗಿಸಲೆಂದು ಕೌದಿಯನ್ನು ಕಟ್ಟೆಯ ಮೇಲೆ ಬಿಚ್ಚಿದರು. ಹಲ್ಲಿನ ಚಕ್ರಗಳು, ಹಿತ್ತಾಳೆಯ ಉಂಗುರಗಳು, ಸೂಜಿಯಂಥ ಸಣ್ಣ ಸಣ್ಣ ರೋಲರುಗಳು. ಒಂದೊಂದನ್ನೂ ಡೀಸೆಲ್ಲಿನಲ್ಲಿ ತೊಳೆದು ಕೌದಿಯ ಒಂದೊಂದು ತುಂಡಿನ ಮೇಲೆ ಇಡತೊಡಗಿದರು. "ಇದು ಅವ್ವನ ಇಳಕಲ್ ಸೀರಿ, ಇಲ್ಲೆ ಎರಡನೇದು. ಇದು ಅಪ್ಪನ ಧೋತರ, ಇಲ್ಲೆ ಮೂರನೇದು." ಅವರ ಹೆಂಡತಿ ಕಾಕು ಒಳಗಿನಿಂದ, "ಇನ್ನ ಕೌದಿ ಹೊದ್ದಂಗ ಬಿಡ್ರಿ" ಎಂದು ಗೊಣಗಿದರು.

ಆಗ ಅವರ ಕೈಗೆ ಎರಡು ಕಾಲಿನ ಕವಣೆಯಂಥ ಒಂದು ತುಂಡು ಬಂತು. ಅದಕ್ಕೆ ಫೋರ್ಕು ಅನ್ನುತ್ತಾರೆ, ಒಳಗೆ ಗೇರನ್ನು ಅತ್ತಿತ್ತ ತಳ್ಳುವುದು ಅದೇ. ಅದರ ಒಂದು ಮಗ್ಗುಲು ಕಾಯಿ ಹೆಚ್ಚುವ ಹಳೆಯ ವಿಳ್ಳಿಯ ಅಲಗಿನ ಹಾಗೆ ಸವೆದಿತ್ತು. ಕಾಕಾ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಎಡಗೈಯನ್ನು ಗಾಳಿಯಲ್ಲಿ ಗೇರಿನ ಮೇಲೆ ಇಟ್ಟವರಂತೆ ಇಟ್ಟು ಕೂತರು.

"ಅಕ್ಕಾರ, ಇದು ನಾನೂ ಅಲ್ರಿ, ಅಂವನೂ ಅಲ್ಲ. ಇದು ಅಪ್ಪನ ಕೈ."

"ಅಂದ್ರ ಕಾಕಾ?"

"ಅಪ್ಪ ಗೇರ್ ಹಾಕಿದ ಮ್ಯಾಲೆ ಕೈ ತಗೀತಿದ್ದಿಲ್ಲ. ಅಮ್ಮಿನಬಾವಿ ಮುಟ್ಟೂತನಕಾ ಅದರ ಮ್ಯಾಲೇ ಇಟಗೊಂಡು ಕೂಡ್ತಿದ್ದಾ. ಆ ಭಾರ ಎಲ್ಲಾ ಒಳಗ ಇದರ ಮ್ಯಾಲೆ ಬೀಳತೈತಿ. ಸವದು ಸವದು ಗೇರ್ ನಿಲ್ಲದಂಗಾತು. ನಾವಿಬ್ರೂ ಸುಮ್ನ ಬಡದಾಡಿದಿವಿ."

ಫೋರ್ಕನ್ನು ನನ್ನ ಕೈಗೆ ಕೊಟ್ಟು, "ಆ ಕಡೀಯವರಿಗೆ ತೋರಿಸಿ ಬರ್ರಿ. ಅಪ್ಪ ಕೈ ತಗೀತಿದ್ದಿಲ್ಲ, ಅಷ್ಟ ಹೇಳ್ರಿ" ಅಂದರು. ಗುರಪ್ಪಕಾಕಾ ಚಷ್ಮಾ ಹಾಕಿಕೊಂಡು ಸವೆದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಮತ್ತೆ ಮತ್ತೆ ಸವರಿದರು. ಕಣ್ಣು ತುಂಬಿದ್ದು ನನಗೆ ಕಾಣಬಾರದೆಂದು ಮುಖ ಆಚೆ ತಿರುಗಿಸಿ, "ತಾಡಪತ್ರಿ ತಗಸ್ತೇನಂತ ಹೇಳ್ರಿ ಅಂವಗ" ಅಂದರು.

ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಫೋರ್ಕಿಗೆ ಲೋಹ ತುಂಬಿಸಿ ಉಜ್ಜಿಸಿ ತಂದರು. ಉಂಗುರಗಳು, ಬೇರಿಂಗುಗಳು ಹೊಸವು ಬಂದವು. ಚನ್ನಪ್ಪಕಾಕಾ ರೋಲರುಗಳನ್ನು ಗ್ರೀಸಿನಿಂದ ಅಂಟಿಸುತ್ತ ಉಸಿರು ಬಿಗಿಹಿಡಿದು ಕೂಡುತ್ತಿದ್ದರು. ಒಮ್ಮೆ ಒಂದು ರೋಲರು ಕಾಣೆಯಾಗಿ ಮನೆಯೆಲ್ಲ ಜಾಲಾಡಿದರು. ಕಡೆಗೆ ಅದು ಅವರದೇ ಮೊಣಕೈಗೆ ಅಂಟಿಕೊಂಡಿದ್ದನ್ನು ಕಾಕು ತೋರಿಸಿದರು. ಬೇಕಾದ ಪಾನಾ, ಸುತ್ತಿಗೆ ಮಾತ್ರ ಗೋಡೆಯ ಮೇಲಿನಿಂದ ನನ್ನ ಕೈ ದಾಟಿಯೇ ಓಡಾಡುತ್ತಿದ್ದವು. ಕೆಲಸ ನಡೆದಿತ್ತು, ಮಾತು ಶುರುವಾಗಿರಲಿಲ್ಲ. ಬಾಕ್ಸು ಕೂಡ್ರಿಸಿದ ದಿನ ಇದೂ ಮುಗಿದು ಮತ್ತೆ ಇಬ್ಬರೂ ತಮ್ಮ ತಮ್ಮ ಬಾಗಿಲು ಹಾಕಿಕೊಳ್ಳುತ್ತಾರೇನೋ ಎಂದು ನನಗೆ ಅಂಜಿಕೆಯಿತ್ತು.

ಆ ದಿನವೂ ಬಂತು. ಚನ್ನಪ್ಪಕಾಕಾ ಗೋಡೆ ಸುತ್ತಿ ಅಣ್ಣನ ಅಂಗಳಕ್ಕೆ ಹೋಗಿ, ಕಲ್ಲುಗಳ ಮೇಲೆ ಎತ್ತರಿಸಿದ ಕಾರಿನ ಕೆಳಗೆ ಅಂಗಾತ ಮಲಗಿದರು. ಬಾಕ್ಸು ಜಾಕಿನ ಮೇಲೆ. ಗುರಪ್ಪಕಾಕಾ ಸೀಟು ತೆಗೆದ ಜಾಗದಲ್ಲಿ ಮೊಣಕಾಲೂರಿ ಮೇಲಿನಿಂದ ಹಿಡಿದಿದ್ದರು. ಬಾಕ್ಸಿನ ದಂಡ ಕ್ಲಚ್ಚಿನ ನಟ್ಟನಡುವೆ ಹೋಗಬೇಕು, ಕೂದಲೆಳೆ ತಪ್ಪಿದರೂ ಹೋಗದು.

"ಆ ಕಡೀಯವರಿಗೆ ಹೇಳ್ರಿ, ಚೂರ ಮ್ಯಾಲೆ."

"ಕಾಕಾ, ಚೂರ ಮ್ಯಾಲಂತ್ರಿ."

"ಎಷ್ಟ ಮ್ಯಾಲೆ, ಕೇಳ್ರಿ."

ನಾನು ಬಗ್ಗಿ ಕೇಳುವಷ್ಟರಲ್ಲಿ ಜಾಕು ವಾಲಿತು.

"ಚನ್ನ್ಯಾ, ಕೈ ತಗಿ."

"ತಗದೆ ಅಣ್ಣಾ."

ಬಾಕ್ಸು ನೆಲಕ್ಕೆ ಕುಸಿಯಿತು. ಬೆರಳು ಉಳಿದವು. ಆಮೇಲೆ ಗುರಪ್ಪಕಾಕಾ, "ಪೆಟ್ಟಾತೇನ?" ಅಂದರು. "ಇಲ್ಲಣ್ಣ." ಮತ್ತೆ ಎತ್ತಿದರು. ಸಂಜೆಯ ತನಕ ಎಡಕ್ಕೆ, ಬಲಕ್ಕೆ, ತಡಿ, ತಳ್ಳು ಎಂದು ಇಬ್ಬರೂ ಒಂದೇ ಸಮ ಮಾತಾಡಿದರು. ನನ್ನ ಕಡೆ ಯಾರೂ ನೋಡಲಿಲ್ಲ. ಟಪಾಲು ಕಚೇರಿ ಮುಚ್ಚಿದ್ದಕ್ಕೆ ಅಷ್ಟು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು.

ಅಂದಿನಿಂದ ದಿನಾ ಸಂಜೆ ಆ ಎರಡು ಸೀಟಿನಲ್ಲಿ ಅಣ್ಣತಮ್ಮ. ಓಡಿಸುವವರು ಅಣ್ಣ. ಅವರ ಎಡಗೈ, ಥೇಟ್ ಅಪ್ಪನ ಹಾಗೆ, ಗೇರಿನ ಮೇಲೆ ಹೋಗಿ ಕೂಡುತ್ತಿತ್ತು. "ಕೈ ತಗಿ ಅಣ್ಣಾ" ಎಂದು ತಮ್ಮ ಮೆಲ್ಲಗೆ ಹೊಡೆಯುತ್ತಿದ್ದರು. ಓಣಿ ದಾಟುವವರೆಗೂ ಆ ಮಾತು ನನಗೆ ಕೇಳುತ್ತಿತ್ತು. ಮುಂದೆ ಅದು ಬಸ್ಸಿನ ಡ್ರೈವರುಗಳವರೆಗೂ ಹಬ್ಬಿತು.

ನನಗೆ ಹುಬ್ಬಳ್ಳಿಗೆ ವರ್ಗವಾಯಿತು, ಗಬ್ಬೂರಿನ ಕಡೆ ಮನೆ ಮಾಡಿದೆ. ಅಲ್ಲಿದ್ದಾಗಲೇ ಗುರಪ್ಪಕಾಕಾ ತೀರಿಕೊಂಡ ಸುದ್ದಿ ಬಂತು. ಕೆಲವು ತಿಂಗಳ ಮೇಲೆ ಒಂದು ಭಾನುವಾರ ಮನೆಯ ಮುಂದೆ ಹಸಿರು ಕಾರು ಬಂದು ನಿಂತಿತು. "ಕೂಡ್ರಿ ಅಕ್ಕಾರ, ಬೈಪಾಸಿನ ಮ್ಯಾಲೆ ಒಂದು ಸುತ್ತ ಹಾಕೂಣು." ಚನ್ನಪ್ಪಕಾಕಾ ಸೊರಗಿಹೋಗಿದ್ದರು, ಅಂಗಿ ದೊಡ್ಡದಾಗಿ ಕಾಣುತ್ತಿತ್ತು. ಕಾರು ಮೂರನೇ ಗೇರಿನಲ್ಲಿ ಸದ್ದಿಲ್ಲದೆ ಓಡಿತು. ಬಹಳ ದೂರ ಹೋದ ಮೇಲೆ ನಾನು ಗಮನಿಸಿದೆ, ಅವರ ಎಡಗೈ ಗೇರಿನ ಮೇಲೇ ಇತ್ತು.

"ಕಾಕಾ, ಕೈ ತಗೀರಿ" ಅಂದೆ, ಚೇಷ್ಟೆಗೆ.

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಸವೀಲಿ ಬಿಡ್ರಿ ಅಕ್ಕಾರ. ಅಪ್ಪ ಇಲ್ಲೇ ಇಟ್ಟಿದ್ದಾ, ಅಣ್ಣ ಇಲ್ಲೇ ಇಟ್ಟಿದ್ದಾ. ತಗದ್ರ ಗಾಡ್ಯಾಗ ನಾ ಒಬ್ಬನ ಆಗತೇನಿ."

ನಾನು ಅವರನ್ನು ನೋಡಿದ್ದು ಅದೇ ಕಡೆಯ ಸಲ. ಈಗ ಅವರೂ ಇಲ್ಲ. ಧಾರವಾಡದ ಬಸ್ಸು ಹತ್ತಿದಾಗ ನಾನೂ ಮುಂದೆ ಹೋಗಿ ಕಂಬ ಹಿಡಿದು ನಿಲ್ಲುತ್ತೇನೆ. ಡ್ರೈವರನ ಕೈ ಗೇರಿನ ಮೇಲೆ ಇರುತ್ತದೆ. ಯಾರೂ ಏನೂ ಅನ್ನುವುದಿಲ್ಲ. ನಾನೂ ಅನ್ನುವುದಿಲ್ಲ.